ರೇಡಿಯೇಟರ್ ಫ್ಯಾನ್ ಯಾರ ಮಾತು ಕೇಳಬೇಕು? ಕೈಸ್ವಿಚ್, ಥರ್ಮೋಸ್ವಿಚ್, ಇಸಿಯು: ಯಾವ ಗಾಡಿಗೆ ಯಾವುದು

“ಫ್ಯಾನ್ ಡೈರೆಕ್ಟ್ ಮಾಡ್ಬಿಟ್ಟಿದೀನಿ ಸಾರ್, ಇನ್ನು ಹೀಟ್ ಆಗೋ ಮಾತೇ ಇಲ್ಲ.” ಹಳೇ ಕಾರು ಇಟ್ಟುಕೊಂಡವರಲ್ಲಿ ಈ ಮಾತು ಕೇಳದವರು ಕಡಿಮೆ. ಕೀ ತಿರುಗಿಸಿದ ಕೂಡಲೇ ರೇಡಿಯೇಟರ್ ಫ್ಯಾನ್ ಶುರು, ಕೀ ತೆಗೆಯುವತನಕ ನಿಲ್ಲುವುದಿಲ್ಲ. ಶಿರಾಡಿ ಘಾಟಿಯ ನಡುವೆ ನೀರು ಕುದಿಸಿಕೊಂಡು ನಿಂತ ಗಾಡಿಯನ್ನು ಮನೆ ಮುಟ್ಟಿಸಲು ಇದು ಸರಿಯಾದ ಉಪಾಯವೇ. ಆದರೆ ಮನೆ ಮುಟ್ಟಿದ ಮೇಲೂ ಆ ವೈರು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತದೆ. ತೊಂದರೆ ಇದ್ದದ್ದು ಸೆನ್ಸರಿನಲ್ಲೋ, ರಿಲೇಯಲ್ಲೋ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್), ಇಸಿಯು ಎಂಬ ಎಂಜಿನ್ ಕಂಪ್ಯೂಟರಿನಲ್ಲೋ ಎಂದು ಯಾರೂ ನೋಡಿರುವುದಿಲ್ಲ.

ಫ್ಯಾನ್ ನಡೆಸಲು ನಮ್ಮ ಮುಂದಿರುವ ದಾರಿಗಳು ಇವು: ಡ್ಯಾಶ್‌ಬೋರ್ಡಿನಲ್ಲಿ ಒಂದು ಕೈಸ್ವಿಚ್, ರೇಡಿಯೇಟರಿಗೆ ತಿರುಚಿ ಕೂರಿಸುವ, ನೀರಿನ ಬಿಸಿಗೆ ತಾನೇ ಆನ್ ಆಫ್ ಆಗುವ ಥರ್ಮೋಸ್ವಿಚ್, ಹೊರಗಿನಿಂದ ತಂದು ಹಾಕುವ ಡಿಜಿಟಲ್ ಕಂಟ್ರೋಲರ್, ಇಸಿಯು ಹೇಳಿದಂತೆ ಕೇಳುವ ರಿಲೇ, ಮತ್ತು ಹೊಸ ಕಾರುಗಳ ಪಿಡಬ್ಲ್ಯೂಎಂ ಫ್ಯಾನ್ (ಕರೆಂಟನ್ನು ಕತ್ತರಿಸಿ ಕೊಟ್ಟು ಬೇಕಾದ ವೇಗಕ್ಕೆ ತಿರುಗಿಸುವಂಥದು). ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಾಡಿಯಲ್ಲಿ ಇಸಿಯು ಇದ್ದರೆ ಫ್ಯಾನ್ ಯಾವಾಗ ತಿರುಗಬೇಕೆಂಬ ತೀರ್ಮಾನ ಅದಕ್ಕೇ ಬಿಡಿ, ಕರೆಂಟು ಹೊರುವ ಕೆಲಸ ಮಾತ್ರ ರಿಲೇಗೆ ಕೊಡಿ. ಕಾರ್ಬ್ಯುರೇಟರ್ ಗಾಡಿಗೆ ಥರ್ಮೋಸ್ವಿಚ್ ಸಾಕು. ಉಳಿದದ್ದೆಲ್ಲ ಅನಿವಾರ್ಯಕ್ಕೆ ಅಥವಾ ವಿಶೇಷ ಸಂದರ್ಭಕ್ಕೆ.

ಫ್ಯಾನಿಗೆ ಕೆಲಸ ಇರುವುದು ಯಾವಾಗ

ಅಂಬಾಸಿಡರ್, ಪದ್ಮಿನಿ, ಹಳೇ ಜೀಪುಗಳಲ್ಲಿ ಫ್ಯಾನ್ ಬೆಲ್ಟಿನ ಮೇಲೇ ಓಡುತ್ತಿತ್ತು. ಎಂಜಿನ್ ಉದ್ದುದ್ದಕ್ಕೆ ಕೂತಿದ್ದರಿಂದ ಅದರ ಪುಲ್ಲಿ ಸರಿಯಾಗಿ ರೇಡಿಯೇಟರಿನ ಎದುರಿಗೆ ಬರುತ್ತಿತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ ಎಂಜಿನ್ ಅಡ್ಡಡ್ಡ. ಪುಲ್ಲಿಯ ಮುಖ ಮಡ್‌ಗಾರ್ಡಿನ ಕಡೆಗೆ, ರೇಡಿಯೇಟರ್ ಮುಂದಕ್ಕೆ. ಹಾಗಾಗಿ ಕರೆಂಟಿನ ಫ್ಯಾನೇ ಗತಿ. ಅಲ್ಲಿಂದೀಚೆಗೆ ನಮ್ಮ ಸಣ್ಣ ಕಾರುಗಳೆಲ್ಲ ಬಹುಪಾಲು ಹೀಗೇ.

ಹೆದ್ದಾರಿಯಲ್ಲಿ ಎಪ್ಪತ್ತು ಎಂಬತ್ತರ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ಸಾಕು, ಫ್ಯಾನ್ ತಿರುಗಿದರೂ ಅದರಿಂದ ಲಾಭವಿಲ್ಲ. ಫ್ಯಾನ್ ಬೇಕಾಗುವುದು ಸಿಲ್ಕ್ ಬೋರ್ಡಿನಂಥ ಕಡೆ ನಿಂತಾಗ, ಘಾಟಿಯನ್ನು ಮೊದಲ ಗೇರಿನಲ್ಲಿ ಹತ್ತುವಾಗ, ಮತ್ತು ಎಸಿ ಹಾಕಿದಾಗ. ಎಂಜಿನ್ನಿನಿಂದ ರೇಡಿಯೇಟರಿಗೆ ನೀರಿನ ದಾರಿ ತೆರೆದು ಮುಚ್ಚುವ ಕವಾಟವಾದ ಥರ್ಮೋಸ್ಟಾಟ್ ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಗೆ ಬಾಯಿ ತೆರೆಯುತ್ತದೆ. ಇಸಿಯು ಇರುವ ಬಹಳಷ್ಟು ಕಾರುಗಳಲ್ಲಿ ಫ್ಯಾನ್ 95ರಿಂದ 98ರ ಆಸುಪಾಸು ಆನ್ ಆಗಿ, ನಾಲ್ಕೈದು ಡಿಗ್ರಿ ಇಳಿದ ಮೇಲೆ ಆಫ್ ಆಗುತ್ತದೆ. ಇಸಿಯು ಓದುವ ಸ್ಕ್ಯಾನರಿನಲ್ಲಿ ಮೊದಲ ಸಲ 97 ಎಂದು ನೋಡಿದವರು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಅದು ಅದರ ಸಹಜ ಬಿಸಿ.

ಇಲ್ಲಿ ನಮ್ಮೂರಿಗೇ ಸೇರಿದ ಒಂದು ಲೆಕ್ಕ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬಾಣಲೆಯ ನೀರು ಕುದಿಯುವುದು ನೂರಕ್ಕಲ್ಲ, 97 ಡಿಗ್ರಿಯ ಹತ್ತಿರ. ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ರೇಡಿಯೇಟರ್ ಕ್ಯಾಪ್ ಸರಿಯಿದ್ದು 0.9 ಬಾರ್ ಒತ್ತಡ ಹಿಡಿದಿಟ್ಟರೆ ನೀರು 115 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಆದರೆ ಕ್ಯಾಪಿನ ರಬ್ಬರ್ ಸವೆದು ಒತ್ತಡ ಸೋರುತ್ತಿದ್ದರೆ? ಫ್ಯಾನ್ ಆನ್ ಆಗಬೇಕಾದ 97ಕ್ಕೇ ನೀರು ಕುದಿಯಲು ಶುರು. ಬಾಟಲಿಯಲ್ಲಿ ಬುಳುಬುಳು ಸದ್ದು, ಬಾನೆಟ್ಟಿನಿಂದ ಹಬೆ. ಮಾಲೀಕ ಫ್ಯಾನನ್ನು ಬೈಯುತ್ತಾನೆ, ಮೆಕ್ಯಾನಿಕ್ ಡೈರೆಕ್ಟ್ ಮಾಡುತ್ತಾನೆ, ಸವೆದ ಕ್ಯಾಪ್ ಅಲ್ಲೇ ಇರುತ್ತದೆ. ಫ್ಯಾನ್ ವೈರಿಂಗಿಗೆ ಕೈ ಹಾಕುವ ಮೊದಲು ಹೊಸ ಕ್ಯಾಪ್ ಒಂದನ್ನು ಹಾಕಿ ನೋಡಿ. ಇಡೀ ಸಿಸ್ಟಮ್ಮಿನ ಅಗ್ಗದ ಭಾಗಗಳಲ್ಲಿ ಅದೂ ಒಂದು.

ಡೈರೆಕ್ಟ್ ಮಾಡಿದರೆ ಎಂಜಿನ್ ತೀರಾ ತಣ್ಣಗಾಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಥರ್ಮೋಸ್ಟಾಟ್ ಇದ್ದರೆ ಹಾಗಾಗುವುದಿಲ್ಲ, ಅದು ಬಾಯಿ ಮುಚ್ಚಿಕೊಂಡು ಬಿಸಿ ಕಾಪಾಡುತ್ತದೆ. ಆದರೆ ಫ್ಯಾನ್ ಡೈರೆಕ್ಟ್ ಮಾಡುವ ಕೈ ಸಾಮಾನ್ಯವಾಗಿ ಥರ್ಮೋಸ್ಟಾಟನ್ನೂ ಕಿತ್ತು ಎಸೆದಿರುತ್ತದೆ. ಎರಡೂ ಸೇರಿದಾಗ ಎಂಜಿನ್ ಅರುವತ್ತು ಎಪ್ಪತ್ತು ಡಿಗ್ರಿಯಲ್ಲೇ ತೆವಳುತ್ತದೆ. ಇಸಿಯು “ಇನ್ನೂ ಬಿಸಿಯಾಗಿಲ್ಲ” ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬಿದ್ದಿತು ಎಂಬ ದೂರಿನ ಹಿಂದೆ, ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಎಂಬ ದೋಷದ ಕೋಡಿನ ಹಿಂದೆ, ಈ ಕಥೆ ಇರುವುದು ಅಪರೂಪವೇನಲ್ಲ. ಜೊತೆಗೆ ಮೋಟಾರಿನ ಬ್ರಶ್ ಸುಮ್ಮನೆ ಸವೆಯುತ್ತದೆ, ಆಲ್ಟರ್ನೇಟರಿಗೆ ಹಗಲೂ ರಾತ್ರಿ ಹೊರೆ.

ಕೈಸ್ವಿಚ್

ಮರೆಯುವ ಮನುಷ್ಯನ ಕೈಗೆ ಎಂಜಿನ್ನಿನ ಜೀವ ಕೊಡುವ ವ್ಯವಸ್ಥೆ ಇದು. ದಿನನಿತ್ಯದ ಗಾಡಿಗೆ ಖಂಡಿತ ಬೇಡ.

ಒಂದೇ ಕಡೆ ಇದಕ್ಕೆ ಬೆಲೆ ಇದೆ. ಸಕಲೇಶಪುರ, ಕೊಡಗಿನ ಕಡೆ ಹಳ್ಳ ದಾಟುವ, ಕರೆಂಟ್ ಫ್ಯಾನ್ ಹಾಕಿಸಿದ ಜಿಪ್ಸಿ, ಜೀಪುಗಳಲ್ಲಿ ಫ್ಯಾನನ್ನು ಆಫ್ ಮಾಡುವ ಸ್ವಿಚ್ ಬೇಕು. ತಿರುಗುತ್ತಿರುವ ಪ್ಲಾಸ್ಟಿಕ್ ರೆಕ್ಕೆ ನೀರಿಗೆ ಬಡಿದರೆ ಬಾಗಿ ರೇಡಿಯೇಟರಿಗೇ ಕಚ್ಚಿಕೊಳ್ಳುತ್ತದೆ, ಇಲ್ಲವೇ ಮೋಟಾರ್ ನಿಂತು ಫ್ಯೂಸ್ ಹಾರುತ್ತದೆ. ಈ ಸ್ವಿಚ್ಚನ್ನು ರಿಲೇಯ ಕಾಯಿಲ್ ಲೈನಿನಲ್ಲಿ (ರಿಲೇಯನ್ನು ಆನ್ ಮಾಡುವ ಸಣ್ಣ ಕರೆಂಟಿನ ದಾರಿಯಲ್ಲಿ) ಹಾಕಿ. ಫ್ಯಾನಿನ ಇಪ್ಪತ್ತು ಆಂಪ್ ಕರೆಂಟನ್ನು ಡ್ಯಾಶ್‌ಬೋರ್ಡಿನವರೆಗೆ ಎಳೆದು ತರುವುದು ಬೆಂಕಿಗೆ ಆಹ್ವಾನ.

ಬಲವಂತವಾಗಿ ಆನ್ ಮಾಡುವ ಸ್ವಿಚ್ ಬೇಕೆನ್ನುವವರು, ಇಸಿಯುವಿನಿಂದ ಬರುವ ಕಾಯಿಲ್ ವೈರನ್ನೇ ಅರ್ತ್‌ಗೆ ಮುಟ್ಟಿಸುವಂತೆ ಹಾಕುತ್ತಾರೆ. ಫ್ಯಾನ್ ತಿರುಗುತ್ತದೆ ನಿಜ. ಆದರೆ ಆ ವೈರಿನ ಮೇಲೆ ಕಣ್ಣಿಟ್ಟಿರುವ ಇಸಿಯುಗೆ ಅದು ಶಾರ್ಟ್ ಆದಂತೆ ಕಂಡು ಫ್ಯಾನ್ ಸರ್ಕ್ಯೂಟಿನ ದೋಷದ ಕೋಡ್ ಆದ ಪಿ0480 ಬರೆದುಕೊಳ್ಳುತ್ತದೆ. ಬೇಕೇ ಬೇಕಿದ್ದರೆ ಎರಡನೇ ರಿಲೇ ಒಂದನ್ನು ಬೇರೆಯಾಗಿ ಹಾಕಿ, ಅದರ 87ನ್ನು (ರಿಲೇಯ ಕಾಲುಗಳಿಗೆ ಅಂಕಿ ಇರುತ್ತದೆ, ಫ್ಯಾನಿಗೆ ಕರೆಂಟು ಹೋಗುವ ಕಾಲು 87) ಮೊದಲಿನದರ 87ಕ್ಕೆ ಸೇರಿಸಿ.

ಥರ್ಮೋಸ್ವಿಚ್

ಕಾರ್ಬ್ಯುರೇಟರ್ ಕಾಲದ ಮಾರುತಿ 800ರಲ್ಲಿ ಇದ್ದದ್ದು ಇದೇ. ಹಿತ್ತಾಳೆಯ ಬೋಲ್ಟಿನಂಥ ಒಂದು ಭಾಗ, ಒಳಗೆ ಬಿಸಿಗೆ ಬಾಗುವ ಬೈಮೆಟಲ್ ತಟ್ಟೆ. ಮೈಮೇಲೆ 92/87 ಎಂಬಂಥ ಅಂಕಿ ಕೆತ್ತಿರುತ್ತಾರೆ. ಮೊದಲಿನದು ಆನ್ ಆಗುವ ಬಿಸಿ, ಎರಡನೆಯದು ಆಫ್ ಆಗುವ ಬಿಸಿ. ಸಾಫ್ಟ್‌ವೇರ್ ಇಲ್ಲ, ಸೆಟ್ಟಿಂಗ್ ಇಲ್ಲ, ಕೆಟ್ಟರೆ ಹೊಸದು. ಅಂಬಾಸಿಡರ್, ಪದ್ಮಿನಿಗೆ ಕರೆಂಟ್ ಫ್ಯಾನ್ ಹಾಕಿಸುವವರಿಗೆ ನಾನು ಹೇಳುವುದು ಇದನ್ನೇ.

ಅಂಕಿ ಆರಿಸುವಾಗ ಸ್ವಿಚ್ ಕೂರುವ ಜಾಗ ನೋಡಬೇಕು. ಎಂಜಿನ್ನಿನಿಂದ ಬಿಸಿನೀರು ಬರುವ ಕಡೆಗೆ 95 ಸರಿಯಾದರೆ, ರೇಡಿಯೇಟರಿನಲ್ಲಿ ತಣಿದು ಹೊರಗೆ ಹೋಗುವ ಕಡೆಗೆ ಅದೇ 95 ಅಪಾಯ. ಅಲ್ಲಿ ನೀರು 95 ಮುಟ್ಟುವ ಹೊತ್ತಿಗೆ ಎಂಜಿನ್ನಿನ ಒಳಗೆ ಎಷ್ಟೋ ಮೇಲೆ ಹೋಗಿರುತ್ತದೆ. ಎರಡನೆಯದು, ಒಂದೇ ವೈರಿನ ಸ್ವಿಚ್ಚಿಗೆ ಅರ್ತ್ ಸಿಗುವುದು ಅದರ ಮೈಯಿಂದಲೇ. ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರಿಗೆ ಅದನ್ನು ಕೂರಿಸಿದರೆ ಏನೂ ಆಗುವುದಿಲ್ಲ. ಲೋಹದ ಟ್ಯಾಂಕಿದ್ದರೂ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಅರ್ತ್ ಕೈಕೊಡಬಹುದು. ಎರಡು ವೈರಿನದ್ದನ್ನೇ ತೆಗೆದುಕೊಳ್ಳಿ.

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಪಾತ್ರೆಯಲ್ಲಿ ನೀರಿಟ್ಟು, ಸ್ವಿಚ್ಚಿನ ಮೂತಿ ಮಾತ್ರ ಮುಳುಗುವಂತೆ ತಂತಿಯಲ್ಲಿ ತೂಗುಹಾಕಿ, ಮಲ್ಟಿಮೀಟರನ್ನು ಬೀಪ್‌ಗೆ ಇಡಿ. 92ರ ಸ್ವಿಚ್ ನೀರು ಕುದಿ ಬರುವ ಮೊದಲೇ ಬೀಪ್ ಕೊಡಬೇಕು. ನೂರರ ಸ್ವಿಚ್ ಆದರೆ ಬೆಂಗಳೂರಿನ ನೀರಿನಲ್ಲಿ ಎಷ್ಟು ಕುದಿಸಿದರೂ ಕೊಡುವುದಿಲ್ಲ, ಕೆಟ್ಟಿದೆ ಎಂದು ಎಸೆಯಬೇಡಿ.

ಡಿಜಿಟಲ್ ಕಂಟ್ರೋಲರ್

ನೋಡಲು ಚಂದ, ಅಂಕಿ ಮಿನುಗುತ್ತದೆ, ಬೇಕಾದ ಡಿಗ್ರಿಗೆ ಇಟ್ಟುಕೊಳ್ಳಬಹುದು. ಆದರೆ ಇದರ ಕಡ್ಡಿಯಂಥ ಸೆನ್ಸರನ್ನು ರೇಡಿಯೇಟರಿನ ರೆಕ್ಕೆಗಳ ನಡುವೆ ಚುಚ್ಚಿದರೆ ಅದು ಅಳೆಯುವುದು ನೀರನ್ನಲ್ಲ, ರೆಕ್ಕೆಯ ಬಿಸಿಯನ್ನು. ಎಸ್‌.ಪಿ. ರೋಡಿನಲ್ಲಿ ಸಿಗುವ ಸಣ್ಣ ಟೆಂಪರೇಚರ್ ಬೋರ್ಡುಗಳಂತೂ ಬಾನೆಟ್ಟಿನ ಅಡಿಯ ನಡುಕ, ಮಳೆನೀರು, ಆಲ್ಟರ್ನೇಟರಿನ ವೋಲ್ಟೇಜ್ ಏರಿಳಿತಕ್ಕೆ ಮಾಡಿದವಲ್ಲ. ನೀರಿನ ಪೈಪಿಗೆ ಅಡಾಪ್ಟರ್ ಹಾಕಿ ಸೆನ್ಸರ್ ಕೂರಿಸುವ ಒಳ್ಳೆಯ ಕಿಟ್ ಆದರೆ ಒಪ್ಪಬಹುದು. ಇಲ್ಲದಿದ್ದರೆ ಥರ್ಮೋಸ್ವಿಚ್ಚೇ ಮೇಲು.

ಇಸಿಯು ಮತ್ತು ರಿಲೇ

ಇಸಿಯುವಿನ ಹೆಚ್ಚುಗಾರಿಕೆ ಬರೀ ಬಿಸಿ ಅಳೆಯುವುದರಲ್ಲಿಲ್ಲ. ಎಸಿ ಹಾಕಿದ್ದು ಅದಕ್ಕೆ ಗೊತ್ತು, ಗಾಡಿಯ ವೇಗ ಗೊತ್ತು, ಸ್ಟಾರ್ಟರ್ ತಿರುಗುತ್ತಿರುವುದು ಗೊತ್ತು. ಸ್ಟಾರ್ಟ್ ಮಾಡುವಾಗ ಫ್ಯಾನನ್ನು ಸುಮ್ಮನಿರಿಸುತ್ತದೆ. ಫ್ಯಾನ್ ಆನ್ ಮಾಡುವ ಮುನ್ನ ಐಡಲ್ ಒಂಚೂರು ಎತ್ತುತ್ತದೆ. 20 ಆಂಪ್ ಫ್ಯಾನ್ ಎಂದರೆ 14 ವೋಲ್ಟಿಗೆ 280 ವ್ಯಾಟ್. ಆಲ್ಟರ್ನೇಟರಿನಲ್ಲಿ ಆಗುವ ನಷ್ಟ ಸೇರಿಸಿದರೆ ಎಂಜಿನ್ ಮೇಲೆ ಬೀಳುವುದು 450 ವ್ಯಾಟಿನ ಆಸುಪಾಸು. ಐಡಲಿನಲ್ಲಿರುವ ಸಣ್ಣ ಎಂಜಿನ್ನಿಗೆ ಅದು ಗೊತ್ತಾಗುವಷ್ಟು ಹೊರೆ. ಸಿಗ್ನಲಿನಲ್ಲಿ ಫ್ಯಾನ್ ಬಂದಾಗ ಗಾಡಿ ಒಮ್ಮೆ ನಡುಗಿ ಹೆಡ್‌ಲೈಟ್ ಮಂಕಾಗುವುದು ಇದರಿಂದಲೇ.

ಎಲ್ಲಕ್ಕಿಂತ ಮುಖ್ಯವಾದದ್ದು, ಸೆನ್ಸರ್ ಕೆಟ್ಟರೆ ಇಸಿಯುಗೆ ತಿಳಿಯುತ್ತದೆ. ನೀರಿನ ಸೆನ್ಸರ್ ಎನ್‌ಟಿಸಿ ಜಾತಿಯದು, ಬಿಸಿ ಏರಿದಂತೆ ಅದರ ತಡೆ ಇಳಿಯುತ್ತದೆ: 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್‌ ಆಸುಪಾಸು, 80ರಲ್ಲಿ ಮುನ್ನೂರು ಚಿಲ್ಲರೆ, 100ರಲ್ಲಿ ಇನ್ನೂರಕ್ಕೂ ಕಡಿಮೆ. ವೈರು ಕಡಿದರೆ ಇಸಿಯುಗೆ ಅದು ಮೈನಸ್ 40 ಡಿಗ್ರಿಯಂತೆ ಕಾಣುತ್ತದೆ. ಕರ್ನಾಟಕದಲ್ಲಿ ಮೈನಸ್ 40 ಎಲ್ಲಿಂದ ಬಂತು? ಹಾಗಾಗಿ ಬಹುತೇಕ ಇಸಿಯುಗಳು ಸೆನ್ಸರ್ ಸರ್ಕ್ಯೂಟಿನ ದೋಷದ ಕೋಡ್ ಆದ ಪಿ0118 ಬರೆದು, ಮುನ್ನೆಚ್ಚರಿಕೆಗೆ ಫ್ಯಾನ್ ಹಾಕಿಬಿಡುತ್ತವೆ. ಥರ್ಮೋಸ್ವಿಚ್ಚಿನ ವೈರು ಕಡಿದರೆ ಫ್ಯಾನ್ ಸುಮ್ಮನಿರುತ್ತದೆ, ಟೆಂಪರೇಚರ್ ಮುಳ್ಳು ಮೇಲೇರಿದ ಮೇಲೇ ನಿಮಗೆ ತಿಳಿಯುವುದು.

ವೈರಿಂಗ್ ಹೀಗೆ. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಫ್ಯೂಸ್, ಅಲ್ಲಿಂದ ರಿಲೇಯ 30. ರಿಲೇಯ 87ರಿಂದ ಫ್ಯಾನಿನ ಪಾಸಿಟಿವ್. ಫ್ಯಾನಿನ ನೆಗೆಟಿವ್ ಒಳ್ಳೆಯ ಬಾಡಿ ಅರ್ತ್‌ಗೆ, ಪೇಂಟ್ ಕೆರೆದು. ಕಾಯಿಲಿನ 86ಕ್ಕೆ ಇಗ್ನಿಷನ್ ಫೀಡ್, 85 ಇಸಿಯುಗೆ. ಇಸಿಯು ಪಾಸಿಟಿವ್ ಕೊಡುವುದಿಲ್ಲ, 85ನ್ನು ಅರ್ತ್‌ಗೆ ಎಳೆಯುತ್ತದೆ ಅಷ್ಟೆ. ರಿಲೇ ಕಾಯಿಲ್ 80ರಿಂದ 100 ಓಮ್, ಅದರಲ್ಲಿ ಹರಿಯುವುದು 150 ಮಿಲಿಆಂಪ್ ಸುತ್ತಮುತ್ತ. ಇಸಿಯುವಿನ ಟ್ರಾನ್ಸಿಸ್ಟರಿಗೆ ಅಷ್ಟು ಸಲೀಸು. ಅದೇ ವೈರಿಗೆ ತಪ್ಪಿ 12 ವೋಲ್ಟ್ ನೇರ ಮುಟ್ಟಿಸಿದಿರೋ, ಫ್ಯಾನ್ ಆನ್ ಆಗುವ ಕ್ಷಣಕ್ಕೆ ಆ ಟ್ರಾನ್ಸಿಸ್ಟರ್ ಹೋಯಿತು.

86ರ ಫೀಡ್ ಎಲ್ಲಿಂದ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಬ್ಯಾಟರಿಯಿಂದ ಸದಾ ಇರುವ 12 ವೋಲ್ಟ್ ಕೊಟ್ಟರೆ, ಕೀ ತೆಗೆದ ಮೇಲೂ ಕರೆಂಟು ಕಾಯಿಲಿನ ಮೂಲಕ ನುಸುಳಿ ಇಸಿಯುವಿನ ಹಿಂಬಾಗಿಲಿಂದ ಒಳಗೆ ಹೋಗುವ ಸಾಧ್ಯತೆ ಇದೆ. ರಿಲೇ ಬಿಡದೆ ಕೂತುಕೊಳ್ಳಬಹುದು, ಇಸಿಯು ಪೂರ್ತಿ ಮಲಗದೆ ಬ್ಯಾಟರಿ ತಿನ್ನಬಹುದು. ಇಸಿಯುಗೆ ಕರೆಂಟ್ ಕೊಡುವ ಮೇನ್ ರಿಲೇಯ ಔಟ್‌ಪುಟ್ಟಿನಿಂದಲೇ 86ಕ್ಕೂ ಕೊಡಿ. ಇದಕ್ಕೆ ತದ್ವಿರುದ್ಧವಾಗಿ, 30ಕ್ಕೆ ಇಗ್ನಿಷನ್ ಲೈನ್ ಕೊಡಬೇಡಿ. ಗಾಳಿಗೆ ತಿರುಗುತ್ತಿರುವ ಫ್ಯಾನ್ ಡೈನಮೋದಂತೆ ಕರೆಂಟು ಹುಟ್ಟಿಸಿ ಆ ಲೈನಿಗೆ ಹಿಂದಿರುಗಿಸುತ್ತದೆ. ಕೀ ತೆಗೆದರೂ ಎಂಜಿನ್ ಒಂದೆರಡು ಕ್ಷಣ ಹೆಚ್ಚಿಗೆ ಓಡುವ ವಿಚಿತ್ರ ಹೀಗೆ ಬರುತ್ತದೆ.

ಒಳಗೆ ಡಯೋಡ್ ಇರುವ ರಿಲೇಗಳಿವೆ, ಮೈಮೇಲೆ ಚಿತ್ರ ಇರುತ್ತದೆ. ಅವುಗಳಲ್ಲಿ 86 ಪಾಸಿಟಿವ್, 85 ನೆಗೆಟಿವ್ ಆಗಲೇಬೇಕು. ಅದಲುಬದಲಾದರೆ ಡಯೋಡ್ ಮೂಲಕ ನೇರ ಶಾರ್ಟ್. ಮಾಮೂಲಿ ರಿಲೇಯಲ್ಲಿ ಹೇಗೆ ಕೊಟ್ಟರೂ ನಡೆಯುತ್ತದೆ ಎಂಬ ಅಭ್ಯಾಸದವರು ಇಲ್ಲಿ ಇಸಿಯು ಸುಟ್ಟುಕೊಳ್ಳುತ್ತಾರೆ.

ವೈರಿನ ದಪ್ಪದಲ್ಲಿ ಜಿಪುಣತನ ಬೇಡ. 1.5 ಚದರ ಮಿಲಿಮೀಟರ್ ತಾಮ್ರದ ವೈರು ಮೀಟರಿಗೆ ಸುಮಾರು 11.5 ಮಿಲಿಓಮ್. ಮೂರು ಮೀಟರಿನಲ್ಲಿ 20 ಆಂಪ್ ಹರಿದರೆ 0.7 ವೋಲ್ಟ್ ದಾರಿಯಲ್ಲೇ ಖರ್ಚು, ಅರ್ತ್ ಕಡೆಯದ್ದು ಬೇರೆ. 4 ಚದರ ಮಿಲಿಮೀಟರಿನದು ಹಾಕಿದರೆ ನಷ್ಟ ಕಾಲು ವೋಲ್ಟಿಗೆ ಇಳಿಯುತ್ತದೆ. 20 ಆಂಪ್ ಫ್ಯಾನಿಗೆ 30 ಆಂಪ್ ಫ್ಯೂಸ್ ಇಡುವುದು ವಾಡಿಕೆ, ಏಕೆಂದರೆ ಶುರುವಾಗುವ ಕ್ಷಣದಲ್ಲಿ ಮೋಟಾರ್ ಎರಡು ಮೂರು ಪಟ್ಟು ಎಳೆಯುತ್ತದೆ. ಮನೆ ವೈರಿಂಗಿನ ವೈರನ್ನು ಬಾನೆಟ್ಟಿನೊಳಗೆ ಎಳೆಯಬೇಡಿ, ಅದರ ಹೊದಿಕೆ ಎಂಜಿನ್ನಿನ ಬಿಸಿಗೆ ಮಾಡಿದ್ದಲ್ಲ. ಜೆ.ಸಿ. ರೋಡಿನಲ್ಲಿ ಆಟೋ ವೈರ್ ಎಂದು ಕೇಳಿ ತನ್ನಿ.

ಎರಡು ವೇಗ, ಪಿಡಬ್ಲ್ಯೂಎಂ

ಯುರೋಪ್ ಮೂಲದ ಅನೇಕ ಕಾರುಗಳಲ್ಲಿ ನಿಧಾನದ ವೇಗಕ್ಕೆ ಒಂದು ರೆಸಿಸ್ಟರ್, ಜೋರಿನ ವೇಗಕ್ಕೆ ನೇರ ಲೈನ್. ರೆಸಿಸ್ಟರ್ ಸುಟ್ಟರೆ ಲಕ್ಷಣ ಸ್ಪಷ್ಟ: ಟ್ರಾಫಿಕ್ಕಿನಲ್ಲಿ ಎಸಿ ಮಂಕು, ಮುಳ್ಳು ನಿಧಾನಕ್ಕೆ ಏರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಫ್ಯಾನ್ ಬಿರುಸಾಗಿ ಶುರುವಾಗಿ ಇಳಿಸುತ್ತದೆ. ಎಸಿ ಗ್ಯಾಸ್ ತುಂಬಿಸಿ ದುಡ್ಡು ಕಳೆಯುವ ಮುನ್ನ ಆ ರೆಸಿಸ್ಟರ್ ನೋಡಿ. ಎರಡು ಫ್ಯಾನ್ ಇರುವ ಕೆಲವು ಟೊಯೋಟಾಗಳಲ್ಲಿ ಮೂರು ರಿಲೇ ಬಳಸಿ, ನಿಧಾನಕ್ಕೆ ಎರಡನ್ನೂ ಸರಣಿಯಲ್ಲಿ, ಜೋರಿಗೆ ಸಮಾಂತರದಲ್ಲಿ ನಡೆಸುತ್ತಾರೆ. ಅಲ್ಲಿ ಒಂದು ಮೋಟಾರ್ ಕೆಟ್ಟರೆ ನಿಧಾನದ ವೇಗದಲ್ಲಿ ಎರಡೂ ನಿಲ್ಲುತ್ತವೆ, ಒಳ್ಳೆಯದನ್ನೇ ಕೆಟ್ಟದ್ದೆಂದು ಬಿಚ್ಚಿಡುವವರುಂಟು.

ಪಿಡಬ್ಲ್ಯೂಎಂ ಫ್ಯಾನಿನಲ್ಲಿ ಇಸಿಯು ಕೊಡುವುದು ಬರೀ ಸಂಕೇತ. ಕರೆಂಟು ಕತ್ತರಿಸಿ ಕತ್ತರಿಸಿ ಕೊಡುವ ಮಾಡ್ಯೂಲ್ ಫ್ಯಾನಿನ ಪಕ್ಕದಲ್ಲೇ ಇರುತ್ತದೆ. ಸದ್ದು ಕಡಿಮೆ, ಕರೆಂಟು ಉಳಿತಾಯ. ಕಾರ್ಖಾನೆಯಿಂದಲೇ ಬಂದಿದ್ದರೆ ಅದರಷ್ಟು ಒಳ್ಳೆಯದಿಲ್ಲ. ಆ ಸಂಕೇತದ ವೈರಿಗೆ ಮಾಮೂಲಿ ರಿಲೇ ಜೋಡಿಸಿದರೆ ರಿಲೇ ಟಕಟಕ ಬಡಿದುಕೊಂಡು ಸಾಯುತ್ತದೆ. ಹಳೇ ಗಾಡಿಗೆ ಇದನ್ನು ತಂದು ಹಾಕುವ ಉತ್ಸಾಹ ಇದ್ದರೆ ಮಾಡ್ಯೂಲನ್ನೂ ಜೊತೆಗೇ ತನ್ನಿ.

ಫ್ಯಾನ್ ಬರುತ್ತಿಲ್ಲ: ಎಲ್ಲಿಂದ ಹುಡುಕುವುದು

ಮೊದಲು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಕೀ ತೆಗೆದಿದ್ದರೂ ಫ್ಯಾನ್ ತಾನಾಗಿ ಶುರುವಾಗಬಹುದು. ಕೈ, ಸೆರಗು, ವೇಲು ರೆಕ್ಕೆಯಿಂದ ದೂರ. ಬಿಸಿ ಇರುವಾಗ ಕ್ಯಾಪ್ ತೆಗೆಯುವ ಮಾತೇ ಬೇಡ.

ಎಂಜಿನ್ ಓಡುತ್ತಿರಲಿ, ಎಸಿ ಹಾಕಿ. ಒಂದೇ ಫ್ಯಾನ್ ಇರುವ ಪೆಟ್ರೋಲ್ ಕಾರಿನಲ್ಲಿ ಕೆಲ ಕ್ಷಣದಲ್ಲೇ ಫ್ಯಾನ್ ಬಂದರೆ ಮೋಟಾರ್, ಫ್ಯೂಸ್, ದಪ್ಪ ವೈರುಗಳೆಲ್ಲ ಸರಿ ಇವೆ ಎಂದಾಯಿತು. ಅನುಮಾನ ಉಳಿದದ್ದು ಬಿಸಿ ಅಳೆಯುವ ಕಡೆ. ಎಸಿಗೂ ಬರಲಿಲ್ಲವೇ, ನೀರಿನ ಸೆನ್ಸರಿನ ಕನೆಕ್ಟರ್ ಬಿಚ್ಚಿ. ಮೇಲೆ ಹೇಳಿದಂತೆ ಇಸಿಯು ಗಾಬರಿಬಿದ್ದು ಫ್ಯಾನ್ ಹಾಕಬೇಕು. ಕೋಡ್ ಬರುತ್ತದೆ, ಆಮೇಲೆ ಸ್ಕ್ಯಾನರಿನಲ್ಲಿ ಅಳಿಸಿ.

ಅದಕ್ಕೂ ಬರಲಿಲ್ಲವೆಂದರೆ ರಿಲೇ ಕಿತ್ತು, ಸಾಕೆಟ್ಟಿನ 30 ಮತ್ತು 87ನ್ನು ಫ್ಯೂಸ್ ಇರುವ ತುಂಡು ವೈರಿನಿಂದ ಸೇರಿಸಿ. ಫ್ಯಾನ್ ತಿರುಗಿದರೆ ದೋಷ ರಿಲೇಯಲ್ಲೋ ಅದಕ್ಕೆ ಆಜ್ಞೆ ಕೊಡುವ ಕಡೆಯಲ್ಲೋ. ತಿರುಗದಿದ್ದರೆ 30ರಲ್ಲಿ 12 ವೋಲ್ಟ್ ಇದೆಯೇ ನೋಡಿ, ಇದ್ದರೆ ಮೋಟಾರ್ ಅಥವಾ ಅರ್ತ್. ಇಲ್ಲಿ ಮೀಟರನ್ನು ಪೂರ್ತಿ ನಂಬಬೇಡಿ. ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ತೋರಿಸುತ್ತದೆ. 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಹಚ್ಚಿ ನೋಡಿದರೆ ನಿಜ ಬಯಲು. ಅದೇ ಬಲ್ಬನ್ನು ಇಸಿಯು ಕಡೆಯ ಸಣ್ಣ ವೈರಿಗೆ ಮಾತ್ರ ಮುಟ್ಟಿಸಬೇಡಿ, ನಾಲ್ಕೂವರೆ ಆಂಪ್ ಎಳೆದು ಟ್ರಾನ್ಸಿಸ್ಟರನ್ನು ಕೊಲ್ಲುತ್ತದೆ. ಅಲ್ಲಿಗೆ ಮೀಟರೇ ಸರಿ.

ಆ ಸಣ್ಣ ವೈರು ಹೇಳುವ ಕಥೆ ಬಹಳ. ರಿಲೇ ಕೂರಿಸಿ, ಕೀ ಆನ್ ಮಾಡಿ, 85ರಲ್ಲಿ ಅಳೆಯಿರಿ. ಫ್ಯಾನ್ ಆಫ್ ಇದ್ದಾಗ ಅಲ್ಲಿ 12 ವೋಲ್ಟ್ ಇರಬೇಕು, ಕಾಯಿಲ್ ಮೂಲಕ ಬಂದದ್ದು. ಇಸಿಯು ಆಜ್ಞೆ ಕೊಟ್ಟಾಗ ಒಂದು ವೋಲ್ಟಿಗಿಂತ ಕೆಳಗೆ ಬೀಳಬೇಕು. ಸ್ಕ್ಯಾನರಿನಲ್ಲಿ “ಫ್ಯಾನ್ ಆನ್” ಎಂದು ತೋರಿಸುತ್ತಿದ್ದರೂ ಇಲ್ಲಿ 12 ಹಾಗೇ ನಿಂತಿದ್ದರೆ ನಡುವೆ ವೈರು ಕಡಿದಿದೆ, ಇಲ್ಲವೇ ಇಸಿಯುವಿನ ಟ್ರಾನ್ಸಿಸ್ಟರ್ ಹೋಗಿದೆ. ಯಾವಾಗಲೂ ಸೊನ್ನೆ ಇದ್ದು ಫ್ಯಾನೂ ಸದಾ ತಿರುಗುತ್ತಿದ್ದರೆ ವೈರು ಎಲ್ಲೋ ಬಾಡಿಗೆ ಉಜ್ಜಿ ಶಾರ್ಟ್ ಆಗಿದೆ. ಸೊನ್ನೆ ಇದ್ದು ಫ್ಯಾನ್ ಬರುವುದೇ ಇಲ್ಲವೆಂದರೆ 86ರ ಫೀಡ್ ಇಲ್ಲ ಅಥವಾ ಕಾಯಿಲ್ ಒಳಗೇ ಕಡಿದಿದೆ. “ಇಸಿಎಂ (ಇಸಿಯುವಿನ ಇನ್ನೊಂದು ಹೆಸರು) ಹೋಗಿದೆ” ಎಂದು ಹತ್ತಾರು ಸಾವಿರದ ಲೆಕ್ಕ ಹೇಳುವವರನ್ನು ಈ ಅಳತೆ ಮಾಡಿದಿರಾ ಎಂದು ಕೇಳಿ. ಟ್ರಾನ್ಸಿಸ್ಟರ್ ಹೋಗಿದ್ದರೂ ಇಡೀ ಇಸಿಯು ಬದಲಿಸಬೇಕಾಗಿಲ್ಲ, ಬೋರ್ಡ್ ರಿಪೇರಿ ಮಾಡುವವರಿದ್ದಾರೆ. ಗಾಡಿ ತೀರಾ ಹಳೆಯದಾಗಿದ್ದರೆ ಆ ಒಂದು ಕೆಲಸಕ್ಕೆ ಥರ್ಮೋಸ್ವಿಚ್ ಸೇರಿಸುವುದೂ ಮರ್ಯಾದೆಯ ಪರಿಹಾರವೇ.

ಫ್ಯಾನ್ ತಿರುಗುತ್ತಿದ್ದರೂ ಸೊರಗಿದೆ ಅನ್ನಿಸಿದರೆ, ಅದು ಓಡುತ್ತಿರುವಾಗ ಬ್ಯಾಟರಿ ಪಾಸಿಟಿವ್‌ನಿಂದ ಮೋಟಾರ್ ಪಾಸಿಟಿವ್‌ಗೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ನೆಗೆಟಿವ್ ಕಡೆ 0.2 ವೋಲ್ಟ್ ದಾಟಬಾರದು. ತಡೆ ಬಹುಪಾಲು ಸಿಗುವುದು ರಿಲೇ ಸಾಕೆಟ್ಟಿನಲ್ಲೇ. ರಿಲೇ ಕಿತ್ತಾಗ 87ನೇ ಕಾಲು ಹಿಡಿತವೇ ಇಲ್ಲದಂತೆ ಸುಮ್ಮನೆ ಜಾರಿ ಬಂದರೆ, ಆ ಕಾಲು ನೀಲಿಗಟ್ಟಿದ್ದರೆ, ಸುತ್ತಲ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ಸಡಿಲ ಪಿನ್ನಿನಲ್ಲಿ ಬರೀ 0.05 ಓಮ್ ತಡೆ ಇದ್ದು 20 ಆಂಪ್ ಹರಿದರೆ ಅಲ್ಲಿ ಹುಟ್ಟುವ ಶಾಖ 20 ವ್ಯಾಟ್. ರೇಡಿಯೋ ರಿಪೇರಿಯವರ 25 ವ್ಯಾಟಿನ ಸೋಲ್ಡರಿಂಗ್ ಐರನ್ನನ್ನೇ ಸಾಕೆಟ್ಟಿನೊಳಗೆ ಚುಚ್ಚಿಟ್ಟಂತೆ. ಇಂಥಲ್ಲಿ ಹೊಸ ರಿಲೇ ಹಾಕಿದರೆ ಅದೂ ಸುಡುತ್ತದೆ. ಸಾಕೆಟ್ಟಿನ ಪಿನ್ ಬದಲಿಸಬೇಕು, ಮೋಟಾರ್ ಬಿಗಿಯಾಗಿ ತಿರುಗುತ್ತಾ ಹೆಚ್ಚು ಕರೆಂಟು ಎಳೆಯುತ್ತಿದೆಯೇ ಎಂದೂ ಕ್ಲಾಂಪ್ ಮೀಟರಿನಲ್ಲಿ ನೋಡಬೇಕು.

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದು, ಬ್ಯಾಟರಿ ಖಾಲಿ: ರಿಲೇಯ ಒಳಗಿನ ತುದಿಗಳು ಬೆಸೆದುಕೊಂಡಿರಬಹುದು. 10 ಆಂಪ್ ಫ್ಯಾನ್ 35 ಆಂಪ್‌ಅವರ್ ಬ್ಯಾಟರಿಯನ್ನು ಮೂರು ಮೂರೂವರೆ ಗಂಟೆಯಲ್ಲಿ ಮುಗಿಸುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ರಿಲೇಗೆ ತಟ್ಟಿದಾಗ ಫ್ಯಾನ್ ನಿಂತರೆ ರಿಲೇ ಬದಲಿಸಿ.

ಎಲ್ಲ ಸರಿಯಿದ್ದೂ ಬಿಸಿ ಏರುತ್ತಿದ್ದರೆ ಎರಡು ಕಡೆ ನೋಡಿ. ನೀರು ಕಡಿಮೆಯಾಗಿ ಸೆನ್ಸರಿನ ಮೂತಿ ಗಾಳಿಯಲ್ಲಿದ್ದರೆ ಅದು ನಿಜವಾದ ಬಿಸಿ ಹೇಳುವುದಿಲ್ಲ, ಇಸಿಯು ಸುಮ್ಮನಿರುತ್ತದೆ, ಎಂಜಿನ್ ಬೇಯುತ್ತಿರುತ್ತದೆ. ಬೋರ್‌ವೆಲ್ ನೀರು ಸುರಿದು ಸುರಿದು ಒಳಗೆ ಸುಣ್ಣಗಟ್ಟಿದ ರೇಡಿಯೇಟರಿಗೂ ಯಾವ ವೈರಿಂಗಿನಲ್ಲೂ ಮದ್ದಿಲ್ಲ. ಇನ್ನೊಂದು, ಮೋಟಾರ್ ಬದಲಿಸಿದವರು ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಫ್ಯಾನ್ ಹಿಮ್ಮುಖ ತಿರುಗುತ್ತದೆ. ಮುಂದಿನ ಗ್ರಿಲ್ಲಿಗೆ ಒಂದು ಹಾಳೆ ಹಿಡಿಯಿರಿ. ಅಂಟಿಕೊಂಡರೆ ಸರಿ, ಹಾರಿಹೋದರೆ ಉಲ್ಟಾ.

ಹಾಗಾದರೆ ನಿಮ್ಮ ಗಾಡಿಗೆ?

ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಸಿಯು ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಕಾಲದಿಂದೀಚೆಗಿನ ಯಾವ ಕಾರೇ ಆಗಲಿ, ಇಸಿಯು ವ್ಯವಸ್ಥೆಯನ್ನೇ ರಿಪೇರಿ ಮಾಡಿಸಿ. ದಾರಿಯಲ್ಲಿ ಕೈಕೊಟ್ಟಾಗ ಡೈರೆಕ್ಟ್ ಮಾಡಿಸಿಕೊಂಡು ಬಂದಿದ್ದರೆ ಆ ವಾರದಲ್ಲೇ ಬಿಚ್ಚಿಸಿ. ವಾರಂಟಿಯೊಳಗಿನ ಕಾರಾದರೆ ಹೊರಗೆ ಎಲ್ಲೂ ಹಾರ್ನೆಸ್ ಕತ್ತರಿಸಲು ಬಿಡಬೇಡಿ. ಕತ್ತರಿಸಿದ ಟೇಪು ಸುತ್ತಿದ ವೈರು ನೋಡಿದರೆ ಇಡೀ ಎಲೆಕ್ಟ್ರಿಕಲ್ ಕ್ಲೇಮಿಗೆ ಅಡ್ಡ ಬರುವ ಸಾಧ್ಯತೆ ಹೆಚ್ಚು. ಕಾರ್ಬ್ಯುರೇಟರ್ ಗಾಡಿಗೆ ಎರಡು ವೈರಿನ ಥರ್ಮೋಸ್ವಿಚ್ ಜೊತೆಗೆ ಒಳ್ಳೆಯ 40 ಆಂಪ್ ರಿಲೇ. ಹಳ್ಳ ದಾಟುವ ಜಿಪ್ಸಿಗೆ ಅದರ ಮೇಲೊಂದು ಆಫ್ ಸ್ವಿಚ್, ಸ್ವಿಚ್ ಆಫ್ ಇದ್ದಾಗ ಕೆಂಪಗೆ ಉರಿಯುವ ದೀಪದ ಸಮೇತ.

ಎಂಜಿನ್ ಬದಲಿಸಿ ಮೆಗಾಸ್ಕ್ವರ್ಟ್, ಸ್ಪೀಡುಯಿನೋ ಥರದ ಬೇರೆ ಇಸಿಯು ಹಾಕುತ್ತಿರುವ ಉತ್ಸಾಹಿಗಳಿಗೆ ಸೆಟ್ಟಿಂಗ್ ಬಗ್ಗೆ ಒಂದೆರಡು ಮಾತು. 82ರ ಥರ್ಮೋಸ್ಟಾಟ್ ಇದ್ದು ಫ್ಯಾನ್ ಆಫ್ ಆಗುವ ಬಿಸಿಯನ್ನು 80ಕ್ಕೆ ಇಟ್ಟರೆ ಫ್ಯಾನ್ ಎಂದೂ ನಿಲ್ಲುವುದಿಲ್ಲ. ಥರ್ಮೋಸ್ಟಾಟ್ ಅಷ್ಟು ತಣ್ಣಗಾಗಲು ಬಿಡುವುದೇ ಇಲ್ಲವಲ್ಲ. ಆನ್ 95, ಆಫ್ 90ರಿಂದ ಶುರು ಮಾಡಿ. ನಡುವಿನ ಅಂತರ ಒಂದೆರಡು ಡಿಗ್ರಿಗೆ ಇಳಿಸಿದರೆ ರಿಲೇ ಪದೇಪದೇ ಬಡಿದುಕೊಳ್ಳುತ್ತದೆ. ಇಸಿಯುವಿನ ಔಟ್‌ಪುಟ್ಟಿಗೆ ಒಳಗೇ ರಕ್ಷಣೆ ಇಲ್ಲದಿದ್ದರೆ ರಿಲೇ ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿ, ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ. ಎರಡು ಫ್ಯಾನ್ ಇದ್ದರೆ ಎರಡು ರಿಲೇ, ಎರಡನೆಯದು ಒಂದೆರಡು ಸೆಕೆಂಡ್ ತಡವಾಗಿ ಬರಲಿ. ಔಟ್‌ಪುಟ್ ಉಲ್ಟಾ ಮಾಡುವ ಆಯ್ಕೆಯನ್ನೂ ಒಮ್ಮೆ ನೋಡಿಕೊಳ್ಳಿ: ತಣ್ಣಗಿನ ಎಂಜಿನ್ನಿಗೆ ಕೀ ಕೊಟ್ಟ ಕೂಡಲೇ ಫ್ಯಾನ್ ತಿರುಗಿದರೆ ಎಂಜಿನ್ ಬಿಸಿಯಾದಾಗ ಅದು ನಿಲ್ಲಲಿದೆ ಎಂದರ್ಥ, ಸ್ಟಾರ್ಟ್ ಮಾಡುವ ಮೊದಲೇ ಆ ಟಿಕ್ ತೆಗೆಯಿರಿ.